ಇಳಕಲ್ಲಿನ ಸರ್ವರಿನಲ್ಲಿ ಉಳಿದುಹೋದ ಹೆಸರು

ಶಿವಗಂಗಾಳ ದವಡೆ ಮುರಿದದ್ದು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯ ಆಫೀಸಿನಲ್ಲಿ, ಹಾಡಹಗಲು, ಎಲ್ಲರ ಕಣ್ಣೆದುರಿಗೆ. ಹೊಡೆದವನು ಶಂಭು, ಅದೇ ಕಾರ್ಖಾನೆಯಲ್ಲಿ ಲಾರಿಗಳಿಗೆ ಕಲ್ಲು ಹೇರಿಸುವ ಸೂಪರ್‌ವೈಸರ್. ಬರಿಗೈಯಿಂದ ಹೊಡೆಯಲಿಲ್ಲ. ಗಿರಾಕಿಗಳಿಗೆ ಬಣ್ಣ ತೋರಿಸಲೆಂದು ಮೇಜಿನ ಮೇಲಿಟ್ಟಿದ್ದ ಕೆಂಪು ಗ್ರಾನೈಟಿನ ತುಂಡನ್ನು ಎತ್ತಿ ಬೀಸಿದ. ಅದು ೨೦೦೩ರ ಬೇಸಿಗೆ.

ಹೊಡೆತ ಆಕೆಗೆ ಹೊಸದಾಗಿರಲಿಲ್ಲ. ಬೇವೂರಿನ ಅವರ ಮನೆಯಲ್ಲಿ ಅಪ್ಪ ಕುಡಿದು ಬಂದನೆಂದರೆ ಅವ್ವ ಸಿದ್ದವ್ವನ ಬೆನ್ನ ಮೇಲೆ ಬಾಸುಂಡೆ ಏಳುತ್ತಿದ್ದವು. ಶಿವಗಂಗಾ ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಅಪ್ಪ ಅವ್ವನ ತಲೆಯನ್ನು ಗೋಡೆಗೆ ಜಜ್ಜತೊಡಗಿದ. ಹುಡುಗಿ ಒಲೆಯ ಮುಂದಿದ್ದ ಜಾಲಿ ಕಟ್ಟಿಗೆಯನ್ನು ತೆಗೆದುಕೊಂಡು ಅವನ ಮುಂಗೈ ಮೇಲೆ ಹೊಡೆದಳು. ಎಲುಬು ಮುರಿದ ಸದ್ದು ಮೂವರಿಗೂ ಕೇಳಿಸಿತು. ಅಪ್ಪ ಕೈ ಹಿಡಿದುಕೊಂಡು ಕೂತ. ಆಮೇಲೆ ಆತ ಕುಡಿಯುವುದನ್ನು ಬಿಡಲಿಲ್ಲ, ಹೊಡೆಯುವುದನ್ನು ಬಿಟ್ಟ. ಅವ್ವ ಆ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ಮಗಳು ಬಾಗಲಕೋಟೆಗೆ ಹೋಗಿ ಪಾಲಿಟೆಕ್ನಿಕ್ ಓದುತ್ತೇನೆ ಎಂದಾಗ ಮಾತ್ರ ಗಂಡನ ಎದುರು ನಿಂತು, "ಅಕಿ ಹೋಗ್ತಾಳ" ಎಂದಳು.

ಡಿಪ್ಲೊಮಾ ಮುಗಿಸಿ ಶಿವಗಂಗಾ ಸೇರಿದ್ದು ಬಾಗಲಕೋಟೆಯ ನವನಗರದಲ್ಲಿ ದೊಡ್ಡ ಆಫೀಸು ಇದ್ದ ಒಂದು ಗ್ರಾನೈಟ್ ಕಂಪನಿಗೆ. ಕಾರ್ಖಾನೆ ಇಳಕಲ್ಲಿನಲ್ಲಿ, ಗೋದಾಮು ಮತ್ತು ಲಾರಿ ತೂಗುವ ಕಾಟಾ ಹುನಗುಂದದಲ್ಲಿ, ಮರಳುಗಲ್ಲಿನ ವ್ಯಾಪಾರ ನೋಡಿಕೊಳ್ಳಲು ಬಾದಾಮಿಯಲ್ಲಿ ಒಂದು ಸಣ್ಣ ಆಫೀಸು. ನಾಲ್ಕೂ ಊರಿನಲ್ಲಿ ಒಂದೊಂದು ಸರ್ವರ್. ಅವುಗಳನ್ನು ಕೂಡಿಸಿ ನಡೆಸುವುದೇ ಆಕೆಯ ಕೆಲಸ. ಕಂಪನಿಯಲ್ಲಿ ಯಾರಿದ್ದಾರೆ, ಯಾರ ಪಾಸ್‌ವರ್ಡ್ ನಡೆಯುತ್ತದೆ, ಯಾರು ಯಾವ ಊರಿನ ಆಫೀಸಿನಲ್ಲಿ ಕೂರುತ್ತಾರೆ, ಅವರ ಫೋನ್ ಯಾವುದು, ಇದೆಲ್ಲ ನಾಲ್ಕೂ ಸರ್ವರುಗಳಲ್ಲಿ ಒಂದೇ ರೀತಿ ಇರಬೇಕು. ಬಾಗಲಕೋಟೆಯಲ್ಲಿ ಒಬ್ಬನ ಹೆಸರು ಬದಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಉಳಿದ ಮೂರು ಊರಿಗೂ ಹೋಗಿ ಮುಟ್ಟಬೇಕು. ಇದಕ್ಕೆ ರೆಪ್ಲಿಕೇಶನ್ ಎನ್ನುತ್ತಾರೆ. ಮುಟ್ಟಿತೋ ಇಲ್ಲವೋ ಎಂದು ಶಿವಗಂಗಾ ದಿನಾ ಬೆಳಿಗ್ಗೆ ನೋಡುತ್ತಿದ್ದಳು.

ಶಂಭುವಿನ ಹೆಂಡತಿ ಚೇತನಾ ಇಳಕಲ್ಲಿನ ಅದೇ ಆಫೀಸಿನಲ್ಲಿ ಬಿಲ್ ಮಾಡುತ್ತಿದ್ದಳು. ಆಕೆ ಮೈತುಂಬ ಸೆರಗು ಹೊದ್ದು ಬರುವುದು ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ದಿನ ಶಂಭು ಆಫೀಸಿನೊಳಗೇ ಬಂದ. ಲಾರಿ ಡ್ರೈವರನೊಬ್ಬನ ಜೊತೆ ಹೆಂಡತಿ ನಕ್ಕು ಮಾತಾಡಿದಳೆಂದು ಅವಳ ಕೂದಲು ಹಿಡಿದು ಕುರ್ಚಿಯಿಂದ ಎಳೆದ. ಅವಳ ಎಡಗೈ ಬೆರಳುಗಳನ್ನು ಮೇಜಿನ ಡ್ರಾವರಿನಲ್ಲಿಟ್ಟು ಮೊಣಕಾಲಿನಿಂದ ಗುದ್ದಿ ಮುಚ್ಚಿದ. ಅಂಗಳದಿಂದ ನಾಲ್ಕು ಜನ ಹಮಾಲರು ಬಂದು ಬಿಡಿಸಿದರು. ಕಂಪನಿಯವರು ಅವನನ್ನು ಗೇಟಿನೊಳಗೆ ಬಿಡಬೇಡಿ ಎಂದು ಹೇಳಿ, ಚೇತನಾಳನ್ನು ಗುಟ್ಟಾಗಿ ಬಾದಾಮಿಗೆ ವರ್ಗ ಮಾಡಿದರು.

ಅವನನ್ನು ಕೆಲಸದಿಂದ ತೆಗೆಯುವ ದಿನ ಶಿವಗಂಗಾ ಇಳಕಲ್ಲಿಗೆ ಹೊರಟಿದ್ದಳು. ಅವನ ಕಂಪ್ಯೂಟರ್ ವಶಕ್ಕೆ ತೆಗೆದುಕೊಂಡು ಅಕೌಂಟ್ ಮುಚ್ಚಬೇಕಿತ್ತು. ಜೀಪು ಹತ್ತುವ ಮೊದಲು ಮನೆಗೆ ಫೋನು ಬಂತು. ಚೇತನಾ.

"ಅಕ್ಕಾರ, ಕಂಪ್ಯೂಟರ್‌ನಾಗ ನನ್ನ ಹೆಸರಿನ ಮುಂದ ಬಾದಾಮಿ ಅಂತ ಬರಾಕತ್ತೈತಿ. ಯಾರ ಹಾಕ್ಯಾರೋ ಏನೋ. ಅಂವ ನೋಡಿದ್ರ ನನ್ನ ಉಳಸೂದಿಲ್ರಿ."

"ಅಂವ ಈಗ ಒಳಗ ಬರಂಗಿಲ್ಲ. ನಾ ಇಳಕಲ್ಲಿಗೇ ಹೊಂಟೇನಿ, ಹೋದ ಕೂಡ್ಲೇ ತಗೀತೇನಿ."

ಇಳಕಲ್ಲಿನಲ್ಲಿ ಸರ್ವರ್ ಇದ್ದದ್ದು ಆಫೀಸಿನ ಮೂಲೆಯಲ್ಲಿ, ಗಾಜಿನ ಗೋಡೆಯ ಹಿಂದೆ. ಶಿವಗಂಗಾ ಅದರ ಮುಂದೆ ಕೂತು ಅದನ್ನು ತೆರೆಯುವಷ್ಟರಲ್ಲಿ ಗೇಟಿನಲ್ಲಿ ಗಲಾಟೆ ಕೇಳಿಸಿತು. ಕೆಲಸದಿಂದ ತೆಗೆದ ಪತ್ರ ತೆಗೆದುಕೊಳ್ಳಲು ಗೇಟಿಗೆ ಕರೆಸಿದ್ದ ಶಂಭು ಕಾವಲುಗಾರನನ್ನು ನೂಕಿ ಒಳಗೆ ನುಗ್ಗಿದ್ದ.

"ನನ್ನ ಹೇಣ್ತಿ ಎಲ್ಲಿ?" ಎಂದ.

ಅವನು ಗಾಜಿಗೆ ಕುರ್ಚಿ ಎಸೆದ. ಗಾಜು ಪುಡಿಯಾಗಿ ಬಿದ್ದಿತು. ಸರ್ವರನ್ನು ಒದ್ದ. ಅದು ಮೇಜಿನಿಂದ ಕೆಳಗುರುಳಿ, ವೈರುಗಳೆಲ್ಲ ಕಿತ್ತುಬಂದವು. ಶಿವಗಂಗಾ ಎದ್ದು ನಿಂತಳು.

"ನಿಂಗ ಗೊತ್ತೈತಿ. ಎಲ್ಲಾರ ಹೆಸರೂ ನಿನ್ನ ಕೈಯಾಗ ಇರ್ತಾವು. ಹೇಳು."

"ಹೇಳಂಗಿಲ್ಲ" ಎಂದಳು ಶಿವಗಂಗಾ.

ಆಗ ಅವನ ಕೈಗೆ ಮಾದರಿ ಕಲ್ಲು ಸಿಕ್ಕಿತು. ಕಿವಿಯ ಕೆಳಗೆ ಬಿದ್ದ ಏಟಿಗೆ ಆಕೆಗೆ ನೋವಾಗಲಿಲ್ಲ. ಬಾಯಿ ಮುಚ್ಚಲು ಹೋದರೆ ಮುಚ್ಚಲಿಲ್ಲ, ಅಷ್ಟೆ. ಬಿಲ್ ವಿಭಾಗದ ಇಮಾಮಹುಸೇನ ಹಿಂದಿನಿಂದ ಅವನನ್ನು ತಬ್ಬಿ ಹಿಡಿದ. ಶಂಭು ಅವನ ಕೈ ಕಚ್ಚಿ ಬಿಡಿಸಿಕೊಂಡು, ಹಿತ್ತಲಿನ ಕಲ್ಲು ರಾಶಿ ಹತ್ತಿ ಗೋಡೆ ಹಾರಿ ಓಡಿಹೋದ. ಪೊಲೀಸರು ಬಂದರು, ಹುಡುಕಿದರು. ಸಿಗಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ದವಡೆ ಕೂಡಿಸಿ, ಮೇಲಿನ ಹಲ್ಲು ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದು ಕಟ್ಟಿದರು. ಆಪರೇಷನ್ನಿಗೆ ಒಯ್ಯುವ ಮೊದಲು ಶಿವಗಂಗಾ ಮ್ಯಾನೇಜರ್ ಶಿವಲಿಂಗಪ್ಪನವರಿಗೆ ಬರೆದು ತೋರಿಸಿದಳು: ಶಂಭುವಿನ ಅಕೌಂಟ್ ಮುಚ್ಚಿರಿ, ಚೇತನಾಳ ಹೆಸರಿನ ಮುಂದಿನದೆಲ್ಲ ಅಳಿಸಿರಿ. ಅವರಿಗೆ ಅಷ್ಟು ಮಾಡಲು ಬರುತ್ತಿತ್ತು. ಅದೇ ಸಂಜೆ ಬಾಗಲಕೋಟೆಯ ಸರ್ವರಿನಲ್ಲಿ ಎರಡನ್ನೂ ಮಾಡಿ, ಬಾದಾಮಿಗೆ ಫೋನು ಹಚ್ಚಿ, "ತಗದೇವಿ, ಅಂಜಬ್ಯಾಡ" ಎಂದು ಚೇತನಾಳಿಗೂ ತಿಳಿಸಿದರು.

ಹುನಗುಂದಕ್ಕೆ ಆ ಬದಲಾವಣೆ ಮುಟ್ಟಿತು. ಬಾದಾಮಿಗೂ ಮುಟ್ಟಿತು. ಇಳಕಲ್ಲಿಗೆ ಮುಟ್ಟಲಿಲ್ಲ. ಅದನ್ನು ನೋಡುವವಳು ಮಾತ್ರ ಹಾಸಿಗೆಯಲ್ಲಿ ಕೊಳವೆಯಿಂದ ಗಂಜಿ ಹೀರುತ್ತಿದ್ದಳು.

ಮೂರನೆಯ ವಾರದಲ್ಲಿ ಶಿವಗಂಗಾ ಕೆಲಸಕ್ಕೆ ಬಂದಳು. ಡಾಕ್ಟರು ಬೇಡವೆಂದಿದ್ದರು. ತಂತಿ ಇನ್ನೂ ಬಿಚ್ಚಿರಲಿಲ್ಲ. ಹಲ್ಲಿನ ಸಂದಿಯಿಂದ ಆಕೆ ಆಡುವ ಮಾತು ಅವ್ವನಿಗೂ, ಆಕೆಯನ್ನು ದವಾಖಾನೆಗೆ ಕರೆದೊಯ್ದು ಕರೆತರುತ್ತಿದ್ದ ಜೀಪ್ ಡ್ರೈವರ್ ಮುರ್ತುಜಸಾಬನಿಗೂ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮ್ಯಾನೇಜರು ಊರಲ್ಲಿರಲಿಲ್ಲ. ಮಧ್ಯಾಹ್ನವಾಗುತ್ತ ಬಂದಿತ್ತು. ತನ್ನ ಕೋಣೆಯಲ್ಲಿ ಕೂತು ಎಂದಿನಂತೆ ಸರ್ವರುಗಳ ಸ್ಥಿತಿ ತರಿಸಿ ನೋಡಿದಳು.

ಹುನಗುಂದ ಸರಿಯಿತ್ತು. ಬಾದಾಮಿ ಸರಿಯಿತ್ತು. ಇಳಕಲ್ಲು ಕೊನೆಯ ಸಲ ಹೊಂದಿಕೊಂಡದ್ದು ತನ್ನ ದವಡೆ ಮುರಿದ ದಿನ. ಅಲ್ಲಿಂದೀಚೆಗೆ ಪ್ರತಿ ಪ್ರಯತ್ನದ ಮುಂದೆಯೂ ಒಂದೇ ತಪ್ಪು ಕಾಣುತ್ತಿತ್ತು: ಪ್ರವೇಶವಿಲ್ಲ.

ಲೈನು ಹೋಗಿದೆಯೇ ಎಂದು ನೋಡಿದಳು. ಲೈನು ಚೆನ್ನಾಗಿತ್ತು. ಹೆಸರು, ವಿಳಾಸ ಸರಿಯಾಗಿದ್ದವು. ಆಮೇಲೆ ಇಳಕಲ್ಲಿನ ಸರ್ವರಿನ ಗಡಿಯಾರ ಕೇಳಿದಳು. ಇಲ್ಲಿ ನಡುಹಗಲು, ಅಲ್ಲಿ ನಡುರಾತ್ರಿ. ಬಿದ್ದ ಸರ್ವರನ್ನು ಮತ್ತೆ ಶುರು ಮಾಡಿದವರು ಯಾರೋ ಗಡಿಯಾರ ಹೊಂದಿಸುವಾಗ ಹಗಲಿನ ಬದಲು ರಾತ್ರಿ ಒತ್ತಿದ್ದರು. ಮುಳ್ಳಿನ ಲೆಕ್ಕದಲ್ಲಿ ಸಮಯ ಸರಿ, ಆದರೆ ಹನ್ನೆರಡು ತಾಸು ಹಿಂದೆ. ಈ ಸರ್ವರುಗಳು ಒಂದನ್ನೊಂದು ನಂಬಬೇಕಾದರೆ ಗಡಿಯಾರಗಳು ಕೂಡಿರಬೇಕು. ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ಒಂದು ಇನ್ನೊಂದನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಇಳಕಲ್ಲಿನ ಆಫೀಸಿನ ಕಂಪ್ಯೂಟರುಗಳೆಲ್ಲ ತಮ್ಮ ಊರಿನ ಸರ್ವರಿನ ಗಡಿಯಾರವನ್ನೇ ಅನುಸರಿಸುವುದರಿಂದ ಅಲ್ಲಿ ಯಾರಿಗೂ ತೊಂದರೆಯಾಗಿರಲಿಲ್ಲ.

ಕಾರಣ ಸಿಕ್ಕಿತೆಂದು ಆಕೆ ಒಂದು ಕ್ಷಣ ಹಗುರಾದಳು. ಆಮೇಲೆ ಶಂಭುವಿನ, ಚೇತನಾಳ ಹೆಸರುಗಳು ನೆನಪಾದವು.

ದೂರದಿಂದಲೇ, ಅದರದೇ ಪಾಸ್‌ವರ್ಡ್ ಒತ್ತಿ, ಇಳಕಲ್ಲಿನ ಸರ್ವರಿನ ಪರದೆ ತೆರೆದಳು. ಅದರಲ್ಲಿ ಶಂಭು ಇನ್ನೂ ಕಂಪನಿಯ ನೌಕರ. ಪಾಸ್‌ವರ್ಡ್ ನಡೆಯುತ್ತದೆ. ಚೇತನಾಳ ಹೆಸರಿನ ಮುಂದೆ ಬಾದಾಮಿ ಆಫೀಸು, ಬಸ್ ಸ್ಟ್ಯಾಂಡಿನ ಹಿಂದೆ, ಎರಡನೆಯ ಮಹಡಿ ಎಂದಿತ್ತು. ಶಂಭು ಕೊನೆಯ ಸಲ ಒಳಬಂದದ್ದು ಯಾವಾಗ ಎಂದು ನೋಡಿದಳು. ನಿನ್ನೆ ರಾತ್ರಿ ಹತ್ತು ಗಂಟೆಗೆ.

ರಾತ್ರಿ ಆ ಆಫೀಸಿಗೆ ಬೀಗ ಹಾಕಿರುತ್ತದೆ. ಅಲ್ಲಿ ಯಾರಿರಲು ಸಾಧ್ಯ ಎಂದು ಯೋಚಿಸುತ್ತಿದ್ದವಳಿಗೆ ಹೊಳೆಯಿತು. ಆ ಗಡಿಯಾರದ ರಾತ್ರಿ ಹತ್ತು ಎಂದರೆ ಇವತ್ತಿನ ಬೆಳಗಿನ ಹತ್ತು. ಅವನು ಎರಡು ತಾಸಿನ ಹಿಂದೆ ಆ ಪರದೆಯ ಮುಂದೆ ಕೂತಿದ್ದ. ಇಳಕಲ್ಲಿನಿಂದ ಬಾದಾಮಿಗೆ ಮೋಟರ್ ಸೈಕಲ್ಲಿಗೆ ಎರಡು ತಾಸೇ ಬೇಕು.

ಇಳಕಲ್ಲಿಗೆ ಫೋನು ಹಚ್ಚಿದಳು. ರಿಂಗಾಗಲಿಲ್ಲ. ಬಾದಾಮಿಗೆ ಹಚ್ಚಿದಳು. ಎತ್ತಿದವನು ಅಲ್ಲಿನ ಕಾವಲುಗಾರ ಬೀರಲಿಂಗಪ್ಪ. ಶಿವಗಂಗಾ ಹೆಸರು ಹೇಳಲು ಹೆಣಗಿದಳು. ಹಲ್ಲುಗಳ ನಡುವಿನಿಂದ ಬುಸುಗುಟ್ಟುವ ಸದ್ದು ಮಾತ್ರ ಹೊರಟಿತು.

"ಯಾರ್ರಿ?" ಎಂದ ಬೀರಲಿಂಗಪ್ಪ. ಆಕೆ ಮತ್ತೆ ಹೆಣಗಿದಳು. "ಹಗಲೊತ್ತಿನ್ಯಾಗ ಕುಡದ ಫೋನ್ ಮಾಡ್ತಿಯೇನಲೇ?" ಎಂದು ಅವನು ಇಟ್ಟುಬಿಟ್ಟ.

ಎರಡನೆಯ ಸಲ ಒದರಿದಳು. ತಂತಿ ಒಸಡಿಗೆ ಚುಚ್ಚಿ ಬಾಯಿ ತುಂಬ ರಕ್ತ ಬಂತು. ಅವನು ಬೈದು ಮತ್ತೆ ಇಟ್ಟ.

ಆಗ ಆಕೆ ಕೀಬೋರ್ಡಿಗೆ ತಿರುಗಿದಳು. ಆ ಕಾಲದ ಕಂಪ್ಯೂಟರುಗಳಲ್ಲಿ ಒಂದು ಸಾಲು ಬರೆದು ಇನ್ನೊಂದು ಕಂಪ್ಯೂಟರಿನ ಪರದೆಯ ಮೇಲೆ ನೇರವಾಗಿ ಮೂಡಿಸಬಹುದಿತ್ತು. ಬಾದಾಮಿಯ ಎಲ್ಲ ಕಂಪ್ಯೂಟರುಗಳಿಗೂ ಹೋಗುವಂತೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಳು: ಶಂಭು ಬರಾಕತ್ತಾನ, ಗೇಟ್ ಹಾಕ್ಕೋ ಚೇತನಾ. ಅದನ್ನೇ ಮತ್ತೆ ಮತ್ತೆ ಕಳಿಸಿ, ಅಂಗಳಕ್ಕೆ ಓಡಿದಳು. ಮುರ್ತುಜಸಾಬ ಜೀಪಿನ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ. ಆಕೆಯ ಗದ್ದದಿಂದ ರಕ್ತ ಇಳಿಯುತ್ತಿರುವುದನ್ನು ಕಂಡು ಎದ್ದ.

"ಕಾಕಾ, ಬಾದಾಮಿ. ಶಂಭು. ಪೊಲೀಸ್ರಿಗೆ ಹೇಳ್ರಿ."

ಅವನಿಗೆ ಅಷ್ಟೇ ಸಾಕಾಯಿತು. ಆಫೀಸಿನ ಫೋನಿನಿಂದ ಬಾದಾಮಿಯ ಪೊಲೀಸರಿಗೆ ಹೇಳಿ, ಆಕೆಯನ್ನು ಕೂರಿಸಿಕೊಂಡು ಜೀಪು ತೆಗೆದ.

ಬಾದಾಮಿಯಲ್ಲಿ ಚೇತನಾ ಬುತ್ತಿ ಬಿಚ್ಚುತ್ತಿದ್ದಳು. ಪರದೆಯ ನಡುವೆ ಬೂದು ಬಣ್ಣದ ಚೌಕವೊಂದು ಮೂಡಿತು. ಓದಿದಳು. ಅದರ ಮೇಲೆ ಇನ್ನೊಂದು ಮೂಡಿತು, ಮತ್ತೊಂದು ಮೂಡಿತು. ಕೆಳಗೆ ಮೋಟರ್ ಸೈಕಲ್ ನಿಂತ ಸದ್ದು ಕೇಳಿಸಿತು.

"ಬೀರಪ್ಪಣ್ಣಾ, ಗೇಟ್ ಎಳಿ" ಎಂದು ಚೀರಿದಳು.

ಬೀರಲಿಂಗಪ್ಪ ಮೆಟ್ಟಿಲ ತುದಿಯ ಜಾಲರಿ ಗೇಟು ಎಳೆದು ಬೀಗ ಒತ್ತುವುದಕ್ಕೂ ಶಂಭು ಮೆಟ್ಟಿಲು ಹತ್ತಿ ಬರುವುದಕ್ಕೂ ಸರಿಯಾಯಿತು. ಅವನ ಕೈಯಲ್ಲಿ ಕಲ್ಲು ಸೀಳುವ ಸುತ್ತಿಗೆ ಇತ್ತು. ಬೀರಲಿಂಗಪ್ಪ ಗೇಟಿನ ಸರಳು ಹಿಡಿದು ಒತ್ತಿ ನಿಂತಿದ್ದ. ಶಂಭು ಸರಳಿನ ಮೇಲಿದ್ದ ಆ ಕೈಯ ಮೇಲೆಯೇ ಸುತ್ತಿಗೆ ಇಳಿಸಿದ. ಎರಡು ಬೆರಳು ಸರಳಿಗೆ ಅಂಟಿಕೊಂಡು ಚಪ್ಪಟೆಯಾದವು. ಬೀರಲಿಂಗಪ್ಪ ಆ ಕೈ ತೆಗೆಯಲಿಲ್ಲ. ತೆಗೆಯಲು ಬರುವಂತಿರಲಿಲ್ಲವೋ, ಮನಸ್ಸಾಗಲಿಲ್ಲವೋ, ಅವನೂ ಆಮೇಲೆ ಸರಿಯಾಗಿ ಹೇಳಲಾರದೇ ಹೋದ. ಶಂಭು ಬೀಗಕ್ಕೆ ಹೊಡೆಯತೊಡಗಿದ. ನಾಲ್ಕೈದು ಏಟಿಗೆ ಕೊಂಡಿ ಹಾರಿತು. ಗೇಟನ್ನು ಒದ್ದು, ಬೀರಲಿಂಗಪ್ಪನನ್ನು ಗೋಡೆಗೆ ನೂಕಿ ಒಳಬಂದ.

ಚೇತನಾ ಓಡಿಹೋಗಲು ಬೇರೆ ಬಾಗಿಲಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಕಿತ್ತು ಎರಡೂ ಕೈಯಿಂದ ಹಿಡಿದಿದ್ದಳು. ಡ್ರಾವರಿನಲ್ಲಿ ಜಜ್ಜಿದ ಎಡಗೈ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ.

"ಬಾ ಮನಿಗೆ" ಎಂದ ಶಂಭು, ಸುತ್ತಿಗೆ ಎತ್ತಿಕೊಂಡೇ.

ಅವಳು ಸಿಲಿಂಡರನ್ನು ಅವನ ಮೊಣಕಾಲಿಗೆ ಬೀಸಿದಳು. ಅವನು ಕುಸಿದ. ಸುತ್ತಿಗೆ ಅವಳ ಭುಜಕ್ಕೆ ತಾಗಿ ಜಾರಿ ಬಿತ್ತು. ಎರಡನೆಯ ಏಟು ಅವನ ಮುಖಕ್ಕೆ ಬಿತ್ತು. ಮೂರನೆಯದೂ ಮುಖಕ್ಕೆ. ಅವನು ತೆವಳುತ್ತ ಮೆಟ್ಟಿಲ ಕಡೆ ಹೋದ. ಅವಳು ಹಿಂದೆಯೇ ಹೋಗಿ ಬೆನ್ನಿಗೆ ಹೊಡೆದಳು. ಅವನು ಮೆಟ್ಟಿಲುಗಳ ಮೇಲೆ ಉರುಳಿದ. ಅವಳೂ ಇಳಿದಳು. ಕೆಳಗಿನ ಅಂಗಡಿಯವರು ಓಡಿಬಂದು ನೋಡಿದಾಗ ಅವನು ಅಲುಗಾಡುತ್ತಿರಲಿಲ್ಲ, ಅವಳು ಇನ್ನೂ ಹೊಡೆಯುತ್ತಿದ್ದಳು. ಪೊಲೀಸರು ಬಂದು ಸಿಲಿಂಡರ್ ಕಿತ್ತುಕೊಳ್ಳಬೇಕಾಯಿತು. ಒಬ್ಬ ಪೇದೆಯ ಕೈಗೂ ಏಟು ಬಿದ್ದಿತು.

ಜೀಪು ಬಂದಾಗ ಶಂಭುವನ್ನೂ ಬೀರಲಿಂಗಪ್ಪನನ್ನೂ ದವಾಖಾನೆಗೆ ಒಯ್ದಿದ್ದರು. ಚೇತನಾ ಕೆಳಗಿನ ಮೆಟ್ಟಿಲಿನ ಮೇಲೆ ಕೂತಿದ್ದಳು. ಸೀರೆ ಮೊಣಕಾಲಿನವರೆಗೆ ರಕ್ತವಾಗಿತ್ತು. ಶಿವಗಂಗಾ ಪಕ್ಕದಲ್ಲಿ ಕೂತಳು.

"ತಗದೇವಿ ಅಂದಿದ್ರಲ್ರಿ ಸಾಹೇಬ್ರು" ಎಂದಳು ಚೇತನಾ.

ಶಿವಗಂಗಾ ಬಾಯಿಯ ರಕ್ತ ಉಗುಳಿ ಹೇಳಿದಳು. ಚೇತನಾಳಿಗೆ ತಿಳಿಯಲಿಲ್ಲ. ಮುರ್ತುಜಸಾಬ ನಡುವೆ ನಿಂತು ಹೇಳಿದ: "ಮೂರ ಊರಾಗ ತಗದಿತ್ತಂತವ್ವಾ. ಇಳಕಲ್‌ನಾಗ ಉಳದಿತ್ತಂತ."

"ನಾ ಹಂಗಂದ್ರ ಏನಂತ ತಿಳಕೊಳ್ಲಿ?"

ಚೇತನಾಳ ಭುಜ ಊದಿಕೊಳ್ಳುತ್ತಿತ್ತು. ಮುಟ್ಟಲು ಹೋದರೆ ಅವಳು ಕೊಡವಿದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಎದ್ದು ಜೀಪಿನಲ್ಲಿ ಕೂತಳು.

ಮರುದಿನ ಶಿವಗಂಗಾ ಇಳಕಲ್ಲಿಗೆ ಹೋದಳು. ಇಮಾಮಹುಸೇನನ ತಲೆಗೆ ಪಟ್ಟಿ ಕಟ್ಟಿತ್ತು. ಹಿಂದಿನ ದಿನ ಎಲ್ಲರೂ ಅಂಗಳದಲ್ಲಿ ಕ್ರೇನಿನ ಸುತ್ತ ಇದ್ದಾಗ ಶಂಭು ಹಿತ್ತಲಿನ ಗೋಡೆ ಹಾರಿ ಬಂದು ಅವನ ಕುತ್ತಿಗೆಗೆ ಕಲ್ಲು ಕೆತ್ತುವ ಚಾಣ ಒತ್ತಿದ್ದ. ಚೇತನಾ ಎಲ್ಲಿದ್ದಾಳೆ ಎಂದು ತೋರಿಸು ಎಂದಿದ್ದ. ನನ್ನ ಪಾಸ್‌ವರ್ಡಿಗೆ ಬಿಲ್ಲುಗಳನ್ನು ಬಿಟ್ಟು ಬೇರೇನೂ ತೆರೆಯುವುದಿಲ್ಲ, ನಿನ್ನದು ಬಂದ್ ಆಗಿದೆ ಎಂದು ಇಮಾಮಹುಸೇನ ಅವಳನ್ನು ಉಳಿಸಲು ಹೇಳಿದ್ದ. ಶಂಭು ಸುಮ್ಮನೆ ತನ್ನದನ್ನೇ ಒತ್ತಿ ನೋಡಿದ. ತೆರೆಯಿತು. ನೋಡಬೇಕಾದ್ದನ್ನು ನೋಡಿ, ಫೋನಿನ ವೈರು ಹರಿದು, ಅದೇ ಫೋನಿನಿಂದ ಇವನ ತಲೆಗೆ ಹೊಡೆದು ಕೆಡವಿ ಹೋಗಿದ್ದ. ಇವನಿಗೆ ಎಚ್ಚರ ಬಂದದ್ದು ಮಧ್ಯಾಹ್ನ, ದವಾಖಾನೆಯಲ್ಲಿ.

"ಅವತ್ತ ಬಿದ್ದ ಮಶೀನ್ ಎತ್ತಿ ಚಾಲೂ ಮಾಡಿದಾಂವ ನಾನರಿ" ಎಂದ ಇಮಾಮಹುಸೇನ. "ಟೈಮ್ ಕೇಳ್ತು, ಹಾಕಿದೆ. ಲಾರಿ ನಿಂತಿದ್ದುವು. ಅವಸರದಾಗ ಹಗಲೋ ರಾತ್ರಿಯೋ ನೋಡ್ಲಿಲ್ಲ."

ಶಿವಗಂಗಾ ಅವನ ಕೈ ನೋಡಿದಳು. ತನ್ನನ್ನು ಬಿಡಿಸಲು ಹೋಗಿ ಕಚ್ಚಿಸಿಕೊಂಡ ಗಾಯ ಇನ್ನೂ ಮಾಸಿರಲಿಲ್ಲ. ಸರ್ವರಿನ ಮುಂದೆ ಕೂತು ಗಡಿಯಾರ ಸರಿಮಾಡಿದಳು. ಚಹಾ ತಣ್ಣಗಾಗುವಷ್ಟರಲ್ಲಿ ನಾಲ್ಕೂ ಊರುಗಳು ಹೊಂದಿಕೊಂಡವು. ಶಂಭುವಿನ ಹೆಸರು ಮುಚ್ಚಿತು, ಚೇತನಾಳ ಹೆಸರಿನ ಮುಂದಿನ ಜಾಗ ಖಾಲಿಯಾಯಿತು. ಆಕೆ ಅದನ್ನು ನೋಡುತ್ತ ಕೂತಳು.

ಶಂಭು ಬದುಕಿದ. ಒಂದು ಕಣ್ಣು ಹೋಯಿತು, ಕಾಲು ಕುಂಟಾಯಿತು. ಕೋರ್ಟಿನಲ್ಲಿ ಶಿಕ್ಷೆಯಾಯಿತು. ಚೇತನಾಳ ಮೇಲೂ ಅವನ ಕಡೆಯವರು ಕೇಸು ಹಾಕಿದರು, ನಿಲ್ಲಲಿಲ್ಲ. ಬೀರಲಿಂಗಪ್ಪನ ಬಲಗೈಯ ಎರಡು ಬೆರಳು ತೆಗೆದರು. ಅವನು ಕಾವಲಿನಲ್ಲೇ ಮುಂದುವರಿದ. ಫೋನು ಬಂದರೆ ಮಾತ್ರ ಎಷ್ಟು ಹೊತ್ತಾದರೂ ಕಿವಿಗೊಟ್ಟು ನಿಲ್ಲುತ್ತಿದ್ದ.

ಶಿವಗಂಗಾಳ ದವಡೆ ಸ್ವಲ್ಪ ಸೊಟ್ಟಗೆ ಕೂಡಿತು. ನೋಡಲು ಬಂದ ಗಂಡಿನವರಲ್ಲಿ ಒಬ್ಬರು ಅದೇನೆಂದು ಕೇಳಿದರು, ಸಿದ್ದವ್ವ ಅವರಿಗೆ ಚಹಾ ಕೊಡದೆ ಎಬ್ಬಿಸಿ ಕಳಿಸಿದಳು. ಕೆಲಸದಲ್ಲಿ ಆಕೆ ಒಂದು ಹಟ ಹಿಡಿದಳು. ಯಾರನ್ನೇ ತೆಗೆಯಲಿ, ನಾಲ್ಕೂ ಸರ್ವರುಗಳನ್ನು ತಾನು ಒಂದೊಂದಾಗಿ ತೆರೆದು ನೋಡುವವರೆಗೆ ಅವನ ಕೈಗೆ ಪತ್ರ ಕೊಡಬಾರದು. ಬಾದಾಮಿಯ ಲೈನು ಕೆಟ್ಟಾಗ ಇದೇ ಮಾತಿಗೆ ಶಿವಲಿಂಗಪ್ಪನವರೊಂದಿಗೆ ಜಗಳವಾಯಿತು. ಅವರು ಮೇಜು ಗುದ್ದಿದರು. ಆಕೆ ಬಾಗಿಲಿಗೆ ಅಡ್ಡ ನಿಂತಳು. ಪತ್ರ ಎರಡು ದಿನ ತಡವಾಯಿತು.

ಚೇತನಾ ಹುನಗುಂದದ ಗೋದಾಮಿಗೆ ಹೋದಳು. ಶಿವಗಂಗಾಳ ಜೊತೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನಾಗಿಯೇ ಫೋನು ಮಾಡಿ, ಪ್ರಿಂಟರ್ ಕೆಟ್ಟಿದೆ ಎಂದಳು. ಪ್ರಿಂಟರ್ ಕೆಟ್ಟಿರಲಿಲ್ಲ.

೨೦೦೯ರಲ್ಲಿ ಶಂಭು ಜೈಲಿನಿಂದ ಬಿಟ್ಟು ಬಂದ ಸುದ್ದಿ ಕೇಳಿ ಶಿವಗಂಗಾ ತಾನೇ ಹುನಗುಂದಕ್ಕೆ ಹೋದಳು. ಚೇತನಾ ಕಾಟಾದ ಪಕ್ಕದ ಕಟ್ಟೆಯ ಮೇಲೆ ನಿಂತು ಕಲ್ಲು ಹೇರಿದ ಲಾರಿಯೊಂದನ್ನು ಕೈಬೀಸಿ ಹಿಂದಕ್ಕೆ ತರಿಸುತ್ತಿದ್ದಳು. ಸುದ್ದಿ ಕೇಳಿದಳು.

"ಬ್ಯಾರೆ ಕಡೆ ಹಾಕಸ್ಲಿ?" ಎಂದಳು ಶಿವಗಂಗಾ. "ಯಾರಿಗೂ ತಿಳೀದಂಗ ಮಾಡ್ತೇನಿ. ಈ ಸಲ ನಾಲ್ಕೂ ಕಡೆ ನಾನ ನೋಡ್ತೇನಿ."

"ಬ್ಯಾಡ್ರಿ ಅಕ್ಕಾರ."

"ಅಂವ ಬಂದ್ರ?"

ಚೇತನಾ ಲಾರಿಯ ಕಡೆ ತಿರುಗಿ, ಇನ್ನೊಂಚೂರು ಹಿಂದೆ ಬಾ ಎಂದು ಡ್ರೈವರನಿಗೆ ಕೂಗಿದಳು. ಚಕ್ರಗಳು ಕಾಟಾದ ತಗಡಿನ ಮೇಲೆ ಬಂದು ನಿಂತ ಮೇಲೆ ಹೇಳಿದಳು:

"ಬರ್ಲಿ. ಇಲ್ಲೇ ಇರ್ತೇನಿ."